ಓ ಅಂದವರು ಯಾರು

ಹರಿಹರ
೧೨ ಜೂನ್ ೨೦೨೫

ಸುಧಾ ಅವರಿಗೆ ರೂಪಶ್ರೀಯ ನಮಸ್ಕಾರ.

ನಾನು ಯಾರು ಅಂತ ತಲೆ ಕೆಡಿಸಿಕೊಳ್ಳಬೇಡಿ, ನಿಮಗೆ ನನ್ನ ಪರಿಚಯ ಇಲ್ಲ. ‘ಮೌನಕಕ್ಷೆ’ ಕಂಪ್ಯೂಟರ್ ಆಟ ಮುಗಿದಾಗ ಕೆಲಸ ಮಾಡಿದವರ ಹೆಸರುಗಳು ಸಾಲಾಗಿ ಮೇಲೇರುತ್ತವಲ್ಲ, ಅಲ್ಲಿ ಜಪಾನಿನವರು, ಜರ್ಮನಿಯವರು ಎಲ್ಲ ಬರೀ ಹೆಸರು ಹಾಕಿಕೊಂಡಿದ್ದಾರೆ. ನೀವೊಬ್ಬರು ಮಾತ್ರ ‘ಕನ್ನಡಕ್ಕೆ ತಂದವರು: ಸುಧಾ, ಮೂರನೇ ಮುಖ್ಯರಸ್ತೆ, ವಿನೋಬನಗರ, ದಾವಣಗೆರೆ’ ಎಂದು ಪಾತ್ರೆ ಮೇಲೆ ಹೆಸರು ಕೊರೆಸಿದ ಹಾಗೆ ವಿಳಾಸ ಸಮೇತ ಹಾಕಿದ್ದೀರಿ. ವಿಳಾಸ ಕೊಟ್ಟ ಮೇಲೆ ಕಾಗದ ಬರದೇ ಇರುತ್ತದೆಯೇ. ನಿಮ್ಮೂರಿಗೆ ಬಸ್ಸು ಹತ್ತಿದರೆ ನಡುವಿನ ಬಾತಿ ಹಳ್ಳಿ ದಾಟುವಷ್ಟರಲ್ಲಿ ಒಂದು ನಿದ್ದೆಯೂ ಆಗುವುದಿಲ್ಲ, ಆದರೂ ಬಾಗಿಲು ತಟ್ಟಿ ಕೇಳುವ ಧೈರ್ಯ ನನಗಿಲ್ಲ.

ನಾನು ಇಲ್ಲೊಂದು ಫೋಟೋ ಸ್ಟುಡಿಯೋದಲ್ಲಿ ಮದುವೆ ಆಲ್ಬಮ್ ಜೋಡಿಸುವವಳು. ಆ ಕೆಲಸಕ್ಕೆ ದೊಡ್ಡ ಕಂಪ್ಯೂಟರ್ ಬೇಕು, ದೊಡ್ಡ ಕಂಪ್ಯೂಟರಿನಲ್ಲಿ ಆಟ ಚೆನ್ನಾಗಿ ಓಡುತ್ತದೆ, ನಮ್ಮ ಮಾಲೀಕರು ಊಟಕ್ಕೆ ಹೋದರೆ ಬೇಗ ಬರುವುದಿಲ್ಲ. ಉಳಿದದ್ದು ನೀವೇ ಊಹಿಸಿಕೊಳ್ಳಿ. ಇಂಟರ್ನೆಟ್ಟಿನಲ್ಲಿ ನನ್ನದೊಂದು ಪುಟ ಇದೆ. ಈ ಆಟದ ಬಗ್ಗೆ ಕನ್ನಡದಲ್ಲಿ ಜಗಳ ಆಡಬೇಕು ಎನ್ನುವವರೆಲ್ಲ ಅಲ್ಲಿಗೇ ಬರುತ್ತಾರೆ.

ಮೊದಲು ಹೊಗಳಿಬಿಡುತ್ತೇನೆ. ಇಂಗ್ಲಿಷಿನಲ್ಲಿ ಅಂತರಿಕ್ಷ ಹಡಗಿನ ಅಡುಗೆಯವನು ಬೆಣ್ಣೆ ಹಚ್ಚಿದ ಬ್ರೆಡ್ಡು ನೆನೆಸಿಕೊಂಡು ಅಳುತ್ತಾನೆ, ನಿಮ್ಮಲ್ಲಿ ಮಂಡಕ್ಕಿ ಮೆಣಸಿನಕಾಯಿ ನೆನೆಸಿಕೊಂಡು ಅಳುತ್ತಾನೆ. ಕೊನೆಯ ಗ್ರಹಕ್ಕೆ ಅವರು ‘ಸಮಾಧಾನ’ ಎನ್ನುವಂಥ ಹೆಸರಿಟ್ಟಿದ್ದರೆ ನೀವು ‘ತಂಗುದಾಣ’ ಎಂದು ಇಟ್ಟಿದ್ದೀರಿ. ಗ್ರಹಕ್ಕೆ ಬಸ್ ಸ್ಟಾಪಿನ ಹೆಸರೇ ಅಂತ ನನ್ನ ಪುಟದಲ್ಲಿ ಜನ ನಕ್ಕರು. ನನಗೆ ಅದೇ ಸರಿ ಅನ್ನಿಸಿತು, ಅಲ್ಲಿ ಇಳಿದವರೆಲ್ಲ ಯಾವುದಕ್ಕೋ ಕಾಯುತ್ತಲೇ ಇರುತ್ತಾರೆ.

ಈಗ ವಿಷಯ. ಕಥೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು, ಆದರೂ ವಾದ ಹೂಡುವುದಕ್ಕೆ ಮೊದಲಿಂದ ಹೇಳಬೇಕು. ಕ್ಯಾಪ್ಟನ್ ತಂಗುದಾಣದ ಹತ್ತಿರ ಕಣ್ಮರೆಯಾಗುತ್ತಾನೆ. ಭೂಮಿಯಲ್ಲಿ ಅವನ ಹೆಂಡತಿ ರೇಡಿಯೋ ಮುಂದೆ ಕೂತು ಕರೆಯುತ್ತಲೇ ಇರುತ್ತಾಳೆ. ಆ ಕರೆ ಅಷ್ಟು ದೂರ ಹೋಗಿ ಮುಟ್ಟಲು ಎಷ್ಟೋ ವರ್ಷ ಬೇಕು. ಆಡುವವರು ಹಡಗು ಹಾರಿಸಿಕೊಂಡು ಅಲ್ಲಿಗೆ ಹೋದಾಗ ಅವಳ ಹಳೆಯ ಕರೆಗಳು ಒಂದೊಂದಾಗಿ ಬಂದು ತಲುಪುತ್ತವೆ, ಆ ಗ್ರಹದಿಂದ ಯಾರೋ ‘ಓ’ ಅನ್ನುತ್ತಾರೆ. ಓ ಅಂದವರು ಯಾರು ಎನ್ನುವುದೇ ಜಗಳ. ಕ್ಯಾಪ್ಟನ್ ಬದುಕಿದ್ದಾನೆ ಎನ್ನುವವರು ಅರ್ಧ. ಅವನು ಸತ್ತು ಎಷ್ಟೋ ಕಾಲವಾಯಿತು, ಗ್ರಹವೇ ಅವನ ದನಿ ಕಲಿತು ಓ ಅನ್ನುತ್ತಿದೆ ಎನ್ನುವವರು ಇನ್ನರ್ಧ.

ಕ್ಯಾಪ್ಟನ್ನಿನ ಹೆಸರು ಒಂದೊಂದು ಭಾಷೆಯಲ್ಲಿ ಒಂದೊಂದು. ಇಂಗ್ಲಿಷಿನಲ್ಲಿ ಮಾರ್ಟಿನ್, ಹಿಂದಿಯಲ್ಲಿ ಮಾಧವ್, ನಿಮ್ಮಲ್ಲಿ ಹುಲಿಯಪ್ಪ. ಇಂಗ್ಲಿಷ್, ಹಿಂದಿ ಎರಡರಲ್ಲೂ ಆಡಿ ನೋಡಿದೆ, ಹೆಂಡತಿ ಪ್ರತಿ ಸಲ ಹೆಸರು ಕೂಗುತ್ತಾಳೆ, ಆ ಹೆಸರಿಗೇ ಓ ಬರುತ್ತದೆ. ಕನ್ನಡದಲ್ಲಿ ಮಾತ್ರ ಪರದೆಯ ಕೆಳಗೆ ಬರುವ ಅಕ್ಷರದಲ್ಲಿ ‘ಹುಲಿಯಪ್ಪ’ ಎಂದು ಇರುತ್ತದೆ, ದನಿಯಲ್ಲಿ ಇರುವುದಿಲ್ಲ. “ಕೇಳ್ತೈತೇನ್ರೀ” ಅನ್ನುತ್ತಾಳೆ, “ಎಲ್ಲಿದ್ದೀರ್ರೀ” ಅನ್ನುತ್ತಾಳೆ, ಹೆಸರು ಮಾತ್ರ ಒಮ್ಮೆಯೂ ಇಲ್ಲ. ನನ್ನ ವಾದ ಇಷ್ಟೇ. ಅವಳಿಗೆ ಗೊತ್ತು. ಓ ಅನ್ನುತ್ತಿರುವುದು ತನ್ನ ಗಂಡ ಅಲ್ಲ ಅಂತ ಅವಳಿಗೆ ಗೊತ್ತು. ಹೆಸರು ಕೊಟ್ಟರೆ ಅದು ಅವನ ಜಾಗದಲ್ಲಿ ಬಂದು ಕೂತುಬಿಡುತ್ತದೆ ಅಂತ ಕೊಡುತ್ತಿಲ್ಲ. ಇದನ್ನು ನೀವು ಬೇಕಂತಲೇ ಬಚ್ಚಿಟ್ಟಿದ್ದೀರಿ, ಹೌದೋ ಅಲ್ಲವೋ. ಆ ದನಿ ಯಾರದು ಅಂತಲೂ ತಿಳಿಸಿ. ಕೇಳಿದ ಮೇಲೆ ಒಂದೆರಡು ದಿನ ನನಗೆ ಊಟ ಸೇರಲಿಲ್ಲ.

ಅಂಚೆಯಣ್ಣನ ದಾರಿ ನೋಡುವ,
ರೂಪಶ್ರೀ


ವಿನೋಬನಗರ, ದಾವಣಗೆರೆ
೨೧ ಜೂನ್ ೨೦೨೫

ರೂಪಶ್ರೀ ಅವರಿಗೆ,

ನಾನು ಏನನ್ನೂ ಬಚ್ಚಿಟ್ಟಿಲ್ಲ.

ಆ ದನಿ ನಮ್ಮ ಅವ್ವನದು, ಹೆಸರು ಉಡಚಮ್ಮ. ನನ್ನ ಗೆಳೆಯ ಅಸದ್‌ನದು ಒಂದು ರೆಕಾರ್ಡಿಂಗ್ ಕೋಣೆ ಇದೆ. ಆಟೋದಲ್ಲಿ ಮೈಕ್ ಕಟ್ಟಿಕೊಂಡು ಕೂಗುತ್ತಾ ಹೋಗುತ್ತಾರಲ್ಲ, ಸೀರೆ ಸೇಲು, ನಾಟಕ, ಚುನಾವಣೆ, ಅವನ್ನೆಲ್ಲ ಅವನು ಅಲ್ಲಿ ಮಾಡಿಕೊಡುತ್ತಾನೆ. ಆಟಕ್ಕೆ ವಯಸ್ಸಾದ ಹೆಂಗಸಿನ ದನಿ ಬೇಕಿತ್ತು. ಅವ್ವ ಮದುವೆಗಳಲ್ಲಿ ಸೋಬಾನೆ ಹಾಡುವವಳು, ಗಂಟಲು ಚೆನ್ನಾಗಿದೆ. ಓದು ಅಷ್ಟಕ್ಕಷ್ಟೆ, ಹಾಗಾಗಿ ನಾನು ಕಿವಿಯಲ್ಲಿ ಸಾಲು ಹೇಳುತ್ತಿದ್ದೆ, ಅವಳು ತನ್ನ ಬಾಯಿಗೆ ಬಂದ ಹಾಗೆ ಹೇಳುತ್ತಿದ್ದಳು. ಓ ಅನ್ನುವವನು ಅಸದ್.

ಕ್ಯಾಪ್ಟನ್ನಿಗೆ ನಿಮ್ಮ ಕಡೆಯ ಹೆಸರು ಇಡಿ ಎಂದು ಕಂಪನಿಯವರು ಹೇಳಿದ್ದರು. ನಾನು ನಮ್ಮ ಅಪ್ಪನ ಹೆಸರು ಇಟ್ಟೆ. ಅವ್ವ ಅದನ್ನು ಬಾಯಿಬಿಟ್ಟು ಹೇಳಬೇಕಾಗುತ್ತದೆ ಎನ್ನುವುದು ನನಗೆ ಹೊಳೆದದ್ದು ಅವಳು ಮೈಕಿನ ಮುಂದೆ ನಿಂತ ಮೇಲೆ.

ಅವ್ವ ಅಪ್ಪನ ಹೆಸರು ಹಿಡಿಯುವುದಿಲ್ಲ. ಮದುವೆಯಲ್ಲಿ ಗಂಡನ ಹೆಸರು ಸೇರಿಸಿ ಒಡಪು ಹೇಳಲೇಬೇಕು ಎಂದು ಹೆಂಗಸರು ಹಿಡಿದು ಕೂರಿಸಿದಾಗಲೂ ಹೆಸರು ಬರುವ ಜಾಗಕ್ಕೆ ಎದ್ದು ಓಡಿದಳಂತೆ. ಬ್ಯಾಂಕಿನಲ್ಲಿ ಗಂಡನ ಹೆಸರು ಕೇಳಿದರೆ ನನ್ನ ಮುಖ ನೋಡುತ್ತಾಳೆ. ಟಿವಿಯಲ್ಲಿ ಹುಲಿ ಬಂದರೂ “ಪಟ್ಟೆಪಟ್ಟೇದು ಬಂತು ನೋಡು” ಅನ್ನುತ್ತಾಳೆ. ಹೆಸರು ಹಿಡಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆ ಎಂದು ಅವಳ ನಂಬಿಕೆ. ಕೋಣೆಯಲ್ಲೂ ಹೆಸರು ಬಂದ ಕಡೆಯೆಲ್ಲ ‘ರೀ’ ಅಂದಳು. ಅಸದ್ ನನ್ನ ಕಡೆ ನೋಡಿದ, ನಾನು ಬಿಡು ಅಂದೆ.

ಇಷ್ಟೇ ಸಂಗತಿ. ಇದನ್ನು ನಿಮ್ಮ ಪುಟದಲ್ಲಿ ಹಾಕಿ ಎನ್ನಬೇಕೆಂದಿದ್ದೆ. ಬೇಡ, ಹಾಕಬೇಡಿ. ಅಪ್ಪ ಈಗ ಊರಿನಲ್ಲಿ ಇಲ್ಲ.

ಇತಿ,
ಸುಧಾ


ಹರಿಹರ
೩೦ ಜೂನ್ ೨೦೨೫

ಪ್ರೀತಿಯ ಸುಧಾ ಅವರಿಗೆ,

ನಿಮ್ಮ ಕಾಗದವನ್ನು ಸ್ಟುಡಿಯೋದ ಮೆಟ್ಟಿಲ ಮೇಲೆ ಕೂತು ಓದಿ ನಕ್ಕೂ ನಕ್ಕೂ ಸಾಕಾಯಿತು. ಪಟ್ಟೆಪಟ್ಟೇದು. ನಮ್ಮ ಅಜ್ಜಿಯೂ ಹೀಗೇ ಇದ್ದಳು. ತಾತನ ಹೆಸರು ಬಂಗಾರಪ್ಪ ಅಂತ ಅವಳು ಬಂಗಾರಕ್ಕೆ ‘ಹಳದೀದು’ ಅನ್ನುತ್ತಿದ್ದಳು, ಅಕ್ಕಸಾಲಿಗನ ಅಂಗಡಿಯಲ್ಲೂ ಹಾಗೇ ಕೇಳುತ್ತಿದ್ದಳು.

ಆದರೆ ತಡವಾಗಿ ಹೋಯಿತು. ನಿಮ್ಮ ಉತ್ತರ ಬರುವುದಕ್ಕೆ ಮೊದಲೇ ನನ್ನ ವಾದವನ್ನು ಪುಟಕ್ಕೆ ಹಾಕಿಬಿಟ್ಟಿದ್ದೆ. ಯಾರೋ ಪುಣ್ಯಾತ್ಮರು ಅದನ್ನು ಇಂಗ್ಲಿಷಿಗೂ ತಿರುಗಿಸಿದರು. ಈಗ ಬ್ರೆಜಿಲ್ಲಿನವರು, ಪೋಲೆಂಡಿನವರು ಎಲ್ಲ ಕನ್ನಡದ ದನಿ ಹಾಕಿಕೊಂಡು ಆಡುತ್ತಿದ್ದಾರೆ. ಒಂದು ಅಕ್ಷರ ಅರ್ಥವಾಗುವುದಿಲ್ಲ, ಆದರೂ ಹೆಸರು ಬರುತ್ತದೋ ಇಲ್ಲವೋ ಎಂದು ಕಿವಿಗೊಟ್ಟು ಕೂರುತ್ತಾರೆ. ಹುಲಿಯಪ್ಪ ಬದುಕಿದ್ದಾನೆ, ಇಲ್ಲ ಸತ್ತಿದ್ದಾನೆ ಅಂತ ದಿನವಿಡೀ ಕಾಳಗ. ನಾನು ನಿಮಗೆ ಕೊಟ್ಟ ಮಾತಿನಂತೆ, ಕೊಡದೇ ಇದ್ದ ಮಾತಿನಂತೆ ಅಂತಲೇ ಇಟ್ಟುಕೊಳ್ಳಿ, ನಿಜ ಸಂಗತಿ ಯಾರಿಗೂ ಹೇಳಿಲ್ಲ. ಹೊಟ್ಟೆ ಉಬ್ಬಿಹೋಗಿದೆ.

ಅಪ್ಪಾಜಿಯವರು ಊರಿಗೆ ಯಾವಾಗ ಬರುತ್ತಾರೆ. ಬಂದ ಕೂಡಲೇ ಅವರಿಗೆ ಇದನ್ನೆಲ್ಲ ಕೇಳಿಸಿ, ಹೆಂಡತಿ ಆಕಾಶದಲ್ಲಿ ‘ರೀ’ ಅನ್ನುವುದನ್ನು ಕೇಳಿ ಏನೆಂದರು ಅಂತ ನನಗೆ ಬರೆಯಲೇಬೇಕು.

ನಿಮ್ಮ,
ರೂಪಶ್ರೀ


ವಿನೋಬನಗರ, ದಾವಣಗೆರೆ
೩ ಆಗಸ್ಟ್ ೨೦೨೫

ರೂಪಶ್ರೀ ಅವರಿಗೆ,

ಉತ್ತರ ಬರೆಯಲು ಒಂದು ತಿಂಗಳು ಮೀರಿತು. ನಿಮ್ಮ ಮೇಲೆ ಸಿಟ್ಟು ಬಂದಿತ್ತು. ಸಿಟ್ಟಾಗಲು ನೀವು ಮಾಡಿದ ತಪ್ಪೇನೂ ಇಲ್ಲ ಎಂದು ತಿಳಿಯಲು ಇಷ್ಟು ದಿನ ಬೇಕಾಯಿತು.

ಅಪ್ಪ ಭತ್ತ ಕೊಯ್ಯುವ ಮಷಿನ್ ಓಡಿಸುತ್ತಿದ್ದರು. ಇಲ್ಲಿಯ ಕೊಯ್ಲು ಮುಗಿದ ಮೇಲೆ ಮಷಿನ್ ತೆಗೆದುಕೊಂಡು ಸಿಂಧನೂರಿನ ಕಡೆ, ಅಲ್ಲಿಂದ ತೆಲಂಗಾಣಕ್ಕೆ ಹೋಗುವುದು ರೂಢಿ. ಆರು ವರ್ಷದ ಹಿಂದೆ ಹಾಗೇ ಹೋದರು. ಬೆಲ್ಟ್ ಹರಿದಿದೆ, ಪೇಟೆಗೆ ಹೋಗಿ ತರುತ್ತೇನೆ ಎಂದು ಫೋನ್ ಮಾಡಿ ಹೇಳಿದರು. ಅಷ್ಟೇ. ಮಷಿನ್ ಗದ್ದೆಯ ನಡುವೆ ನಿಂತಲ್ಲೇ ಇತ್ತು, ಸೀಟಿನ ಮೇಲೆ ಟವೆಲ್ ಇತ್ತು. ಪೇಟೆಯ ಯಾವ ಅಂಗಡಿಗೂ ಅವರು ಬಂದಿರಲಿಲ್ಲ. ಪೊಲೀಸರಿಗೆ ಹೇಳಿದೆವು, ಆಸ್ಪತ್ರೆಗಳಲ್ಲಿ ನೋಡಿದೆವು. ಯಾರ ಜೊತೆಗೂ ಜಗಳವಿರಲಿಲ್ಲ, ಕಾಯಿಲೆಯೂ ಇರಲಿಲ್ಲ. ಆಟದಲ್ಲಿ ಮನೆಯ ವಿಳಾಸ ಯಾಕೆ ಹಾಕಿದೆ ಎಂದು ಮೊದಲ ಕಾಗದದಲ್ಲಿ ತಮಾಷೆ ಮಾಡಿದ್ದಿರಿ. ಅಪ್ಪನಿಗೆ ಕಂಪ್ಯೂಟರ್ ಮುಟ್ಟಿ ಗೊತ್ತಿಲ್ಲ, ಅವರು ಅದನ್ನು ನೋಡುವುದಿಲ್ಲ ಎಂದು ನನಗೂ ಗೊತ್ತು. ಆದರೂ ಹಾಕಿದೆ.

ಈಗ ಅವ್ವನ ಮಾತು. ಅಸದ್ ಒಂದು ದಿನ ಅವಳಿಗೆ ನಿಮ್ಮ ಪುಟ ತೋರಿಸಿಬಿಟ್ಟ. ಅವಳು ಹಾಸಿಗೆ ಹಿಡಿಯುತ್ತಾಳೆ ಎಂದು ಹೆದರಿದೆ. ಆದದ್ದೇ ಬೇರೆ. ಆರು ವರ್ಷದಿಂದ ನಮ್ಮ ಓಣಿಯಲ್ಲಿ, ನೆಂಟರಲ್ಲಿ ಯಾರೂ ಅವಳ ಮುಂದೆ ಆ ಮಾತು ಎತ್ತುವುದಿಲ್ಲ. ಅವಳು ಬಂದರೆ ಮಾತು ನಿಲ್ಲಿಸುತ್ತಾರೆ. ನಿಮ್ಮ ಪುಟದಲ್ಲಿ ಕಂಡು ಕೇಳರಿಯದ ಜನ ಹುಲಿಯಪ್ಪ, ಹುಲಿಯಪ್ಪ ಎಂದು ಹೆಸರು ಹಿಡಿದು, ಬದುಕಿರುವುದಕ್ಕೆ ಇದು ಸಾಕ್ಷಿ, ಸತ್ತಿರುವುದಕ್ಕೆ ಇದು ಸಾಕ್ಷಿ ಎಂದು ಬೀದಿಗೆ ಬಿದ್ದು ಕಾದಾಡುತ್ತಿದ್ದಾರೆ. ನಾನು ಎಪಿಎಂಸಿಯಲ್ಲಿ ಮೆಕ್ಕೆಜೋಳದ ಮಂಡಿಯಲ್ಲಿ ಕೆಲಸ ಮಾಡುತ್ತೇನೆ. ಸಂಜೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ “ಇವತ್ತು ಏನಂತಾರೆ” ಎಂದು ಕೇಳುತ್ತಾಳೆ. ಬೆಳ್ಳುಳ್ಳಿ ಬಿಡಿಸುತ್ತಾ ಕೂರುತ್ತಾಳೆ, ನಾನು ಓದಬೇಕು. ಸತ್ತ ಎಂದವನಿಗೆ “ಇವ್ನೇನು ಹೋಗಿ ನೋಡ್ಕಂಡು ಬಂದಾನಾ” ಎಂದು ಬಯ್ಯುತ್ತಾಳೆ. ಬದುಕಿದ್ದಾನೆ ಎಂದವರದನ್ನು ಎರಡೆರಡು ಸಲ ಓದಿಸುತ್ತಾಳೆ. ನಾನು ಕೆಲವನ್ನು ನುಂಗಿ ಮುಂದೆ ಹೋದರೆ ಅವಳಿಗೆ ತಿಳಿಯುತ್ತದೆ.

ಇದರ ನಡುವೆ ಕಂಪನಿಯಿಂದ ಇಮೇಲ್ ಬಂದಿದೆ. ಆಟಕ್ಕೆ ಹೊಸ ಅಧ್ಯಾಯ ಬರುತ್ತಿದೆಯಂತೆ. ಅದರಲ್ಲಿ ಹೆಂಡತಿ ಹೆಸರು ಹಿಡಿದು ಕರೆದಾಗ ತಂಗುದಾಣದ ದೀಪಗಳು ಹತ್ತಬೇಕು. ಕನ್ನಡದಲ್ಲಿ ಮಾತ್ರ ಹೆಸರಿನ ದನಿ ಇಲ್ಲ, ಸೆಪ್ಟೆಂಬರ್ ಮುಗಿಯುವುದರೊಳಗೆ ಸರಿಪಡಿಸಿ, ಆಗದಿದ್ದರೆ ಆ ಇಡೀ ಪಾತ್ರವನ್ನು ಬೇರೆಯವರಿಂದ ಮಾಡಿಸುತ್ತೇವೆ ಎಂದಿದ್ದಾರೆ.

ಸಾರಥಿ ಊರಿನಿಂದ ಚಿಕ್ಕಪ್ಪ ಬೊಮ್ಮಣ್ಣನೂ ಬಂದುಹೋದರು. ಈ ಮಹಾಲಯ ಅಮಾವಾಸ್ಯೆಗೆ ಹಿರಿಯರ ಜೊತೆ ಅಣ್ಣನಿಗೂ ಹೊಸ ಬಟ್ಟೆ ಇಟ್ಟು ಎಡೆ ಹಾಕೋಣ ಎಂದು ಕೇಳಲು ಬಂದಿದ್ದರು. “ಎಷ್ಟು ದಿನ ಅಂತ ಅಣ್ಣನ್ನ ಹಸ್ಕಂಡು ಇರಾಕೆ ಬಿಡ್ತೀಯ ಅತ್ತಿಗೆ” ಎಂದರು. ಅವ್ವ ಎದ್ದು ಒಳಗೆ ಹೋದವಳು ಅವರು ಹೋಗುವವರೆಗೂ ಬರಲಿಲ್ಲ.

ಹೆಸರು ಹಿಡಿಯುವುದೂ ಎಡೆ ಇಡುವುದೂ ಅವಳಿಗೆ ಒಂದೇ. ಎರಡರಲ್ಲಿ ಯಾವುದನ್ನು ಮಾಡಿದರೂ ಅಪ್ಪ ಇಲ್ಲ ಎಂದು ಅವಳೇ ಒಪ್ಪಿಕೊಂಡ ಹಾಗೆ. ಒಂದು ಆಟಕ್ಕಾಗಿ ಅಪ್ಪನ ಹೆಸರು ಹೇಳು ಎಂದು ನಾನು ಯಾವ ಬಾಯಲ್ಲಿ ಕೇಳಲಿ. ಕೇಳದಿದ್ದರೆ ಅವಳ ದನಿ ಅಲ್ಲಿಂದ ಹೋಗುತ್ತದೆ, ಸಂಜೆಯ ಓದೂ ಹೋಗುತ್ತದೆ.

ಇತಿ,
ಸುಧಾ


ಹರಿಹರ
೧೧ ಆಗಸ್ಟ್ ೨೦೨೫

ಸುಧಾ,

ಅಕ್ಕ ಅನ್ನಲೋ ತಂಗಿ ಅನ್ನಲೋ ತಿಳಿಯದೆ ಬರೀ ಹೆಸರು ಬರೆಯುತ್ತಿದ್ದೇನೆ. ಈ ಕಾಗದವನ್ನು ಬರೆದು ಹರಿದು ಬರೆದು ಹರಿದು ಸ್ಟುಡಿಯೋದ ಕಸದ ಬುಟ್ಟಿ ತುಂಬಿದೆ.

ನಿಮ್ಮ ಕಾಗದ ಬಂದಾಗ ಅಂಗಡಿಯಲ್ಲಿ ಒಬ್ಬರು ಅವರ ತಂದೆಯ ಫೋಟೋ ದೊಡ್ಡದು ಮಾಡಿಸಲು ಕೂತಿದ್ದರು. ಹಿಂದಿನ ಗೋಡೆ ತೆಗೆದು ಆಕಾಶ ಹಾಕಿ, ಕೆಳಗೆ ದಿನಾಂಕ ಹಾಕಿ ಎಂದರು. ಅಂಥ ಕೆಲಸ ವಾರಕ್ಕೆ ನಾಲ್ಕೈದು ಬರುತ್ತವೆ, ನಾನು ಬಿಸ್ಕತ್ತು ತಿನ್ನುತ್ತಾ ಮಾಡಿ ಮುಗಿಸುತ್ತೇನೆ. ಆವತ್ತು ದಿನಾಂಕ ಹಾಕಲು ನನ್ನ ಕೈ ಬರಲಿಲ್ಲ. ದಿನ ಗೊತ್ತಿರುವುದೂ ಒಂದು ಭಾಗ್ಯ ಎಂದು ಮೊದಲ ಸಲ ಅನ್ನಿಸಿತು.

ಮಾಲೀಕರು ಊಟಕ್ಕೆ ಹೋದ ಮೇಲೆ ಆಟ ಹಾಕಿ ತಂಗುದಾಣದಲ್ಲಿ ಇಳಿದೆ. ಹೊರಗೆ ರಣಬಿಸಿಲು, ರಸ್ತೆಯಲ್ಲಿ ಲಾರಿ ಸದ್ದು. ಕಿವಿಯಲ್ಲಿ ಅಮ್ಮ “ಕೇಳ್ತೈತೇನ್ರೀ” ಅಂದರು. ಅಸದ್ ಅವರ ‘ಓ’ ಬಂತು. ಮೊದಲು ಅದನ್ನು ಕೇಳಿ ಮೈ ಜುಮ್ಮೆಂದಿದೆ ಅಂತ ಖುಷಿಯಿಂದ ಪುಟದಲ್ಲಿ ಬರೆದುಕೊಂಡಿದ್ದೆ. ಈ ಸಲ ಹೆದರಿಕೆ ಆಯಿತು. ಓ ಅಂದದ್ದಕ್ಕೆ ಅಲ್ಲ, ಅಮ್ಮ ಅದನ್ನು ನಂಬಿಬಿಟ್ಟರೆ ಎಂದು. ಕುರ್ಚಿ ಬಿಟ್ಟು ಎದ್ದು ಹೋಗಿ ಮೆಟ್ಟಿಲ ಮೇಲೆ ಜನರ ಮುಖ ನೋಡುತ್ತಾ ಕೂತೆ.

ಅಮ್ಮನಿಗೆ ನೋವಾಗುವುದಾದರೆ ಪುಟವನ್ನು ಇವತ್ತೇ ಮುಚ್ಚುತ್ತೇನೆ. ಹೆಸರು ಹೇಳಿಸುವುದು ಬೇಡವೇ ಬೇಡ. ಕಂಪನಿಯವರ ಜೊತೆ ಜಗಳ ಆಡುವುದನ್ನು ನನಗೆ ಬಿಡಿ, ಆ ಒಂದು ವಿದ್ಯೆ ನನಗೆ ಚೆನ್ನಾಗಿ ಬರುತ್ತದೆ.

ನಿಮ್ಮ,
ರೂಪಶ್ರೀ


ವಿನೋಬನಗರ, ದಾವಣಗೆರೆ
೨೬ ಆಗಸ್ಟ್ ೨೦೨೫

ತಾಯಿ ರೂಪಶ್ರೀಗೆ ಉಡಚಮ್ಮ ಹೇಳಿ ಬರೆಸಿದ್ದು.

ನಾ ಹೇಳ್ತೀನಿ, ನಮ್ಮ ಸುಧಾ ಬರ್ಕಂತಾಳೆ. ನಾ ಹೇಳಿದ್ದನ್ನ ಚೆಂದ ಮಾಡಾಕೆ ಹೋಗಬ್ಯಾಡ ಅಂತ ಮೊದ್ಲೇ ಹೇಳೀನಿ.

ನಿನ್ನ ಪುಟ ಮುಚ್ಚಬ್ಯಾಡ ತಾಯಿ. ಈ ಓಣಿಯಾಗೆ ನಮ್ಮನೇರ ಸುದ್ದಿ ಮಾತಾಡೋರು ಯಾರೂ ಇಲ್ಲ. ಎಲ್ರೂ ಒಳ್ಳೇರೆ, ನನಗೆ ಬ್ಯಾಸರ ಆಗ್ತತೆ ಅಂತ ಮಾತಾಡಲ್ಲ. ಮಾತಾಡದೇ ಇದ್ರೆ ಮನುಷ್ಯ ಇದ್ದನೋ ಇಲ್ಲೋ ಅನ್ನಂಗೆ ಆಗಿಬಿಡ್ತತೆ. ನಿನ್ನ ಜನ ಬಯ್ಕಂತಾರೆ, ಹೊಡದಾಡ್ತಾರೆ, ಆದ್ರೆ ನೆನಸ್ತಾರೆ. ಅಷ್ಟು ಸಾಕು.

ನೀನು ಬರೆದಿದ್ದು ಮೊದಲನೇದು ಓದಿಸ್ಕಂಡೆ. ಓ ಅಂದಿದ್ದು ಅವರಲ್ಲ, ಅದು ಆ ಹೆಂಗಸಿಗೆ ಗೊತ್ತೈತೆ ಅಂದಿದ್ಯಲ್ಲ. ಅದು ಖರೆ. ಆದ್ರೆ ಅದು ಕೆಟ್ಟದ್ದು, ಅವರ ಜಾಗದಾಗೆ ಕೂಡಾಕೆ ಬಂದೈತೆ ಅಂದಿ ನೋಡು, ಅದು ತಪ್ಪು. ಅದನ್ನ ಹೇಳಾಕೇ ಈ ಕಾಗದ.

ನಮ್ಮನೇರ ಫೋನ್ ನಂಬರ್ ಐತಲ್ಲ, ಅದು ಬಂದ್ ಆಗಿ ಬಾಳ ದಿನ ಆಗಿತ್ತು. ಆದ್ರೂ ನಾ ಮಾಡ್ತಿದ್ದೆ. ಒಂದಿನ ರಿಂಗ್ ಆತು. ಆಕಡಿಂದ ಗಂಡಸು, ಓ ಹೇಳ್ರಿ ಅಂದ. ದನಿ ಬ್ಯಾರೆ. ಆ ನಂಬರ್ ಕಂಪನಿಯೋರು ಬ್ಯಾರೇರಿಗೆ ಕೊಟ್ಟಾರಂತೆ, ಮಾನ್ವಿ ಕಡಿಯೋನು, ಮನಿಗಳಿಗೆ ಟೈಲ್ಸ್ ಹಾಕ್ತಾನಂತೆ. ನಾ ಏನೂ ಮಾತಾಡದೆ ಇಟ್ಟೆ. ಆಮ್ಯಾಕೂ ಮಾಡ್ತೀನಿ. ಯಾವಾಗಾದ್ರೂ ಒಂದ್ಸಲ. ರೀ ಅಂತೀನಿ, ಅವನು ಓ ಅಂತಾನೆ. ಒಂದ್ಸಲಾನೂ ಬಯ್ದಿಲ್ಲ. ಊಟ ಆತೇನಮ್ಮ ಅಂತ ಕೇಳ್ತಾನೆ. ಅವನಿಗೆ ನಾ ಯಾರು ಗೊತ್ತಿಲ್ಲ, ಯಾರನ್ನ ಹುಡುಕ್ತೀನಿ ಗೊತ್ತಿಲ್ಲ. ಯಾರೋ ಕರೀತಾರಲ್ಲ ಪಾಪ ಅಂತ ಓ ಅಂತಾನೆ.

ಆ ಮ್ಯಾಲಿನ ಊರಾಗೆ ಇರೋದೂ ಹಂಗೇ. ಅದು ಮೋಸ ಮಾಡಾಕೆ ಓ ಅಂದಿಲ್ಲ. ಅಷ್ಟು ದೂರ ಒಂದು ದನಿ ಬಂದೈತೆ, ಯಾರೂ ಓ ಅನ್ನದಿದ್ರೆ ಹೆಂಗೆ ಅಂತ ಅಂದೈತೆ. ಇದನ್ನ ನಿನ್ನ ಪುಟದಾಗೆ ಹಾಕು. ನನ್ನ ಹೆಸರು ಬ್ಯಾಡ, ಒಬ್ರು ಹೆಣ್ಮಗಳು ಹೇಳಿದ್ರು ಅನ್ನು.

ಹೊಸಾ ಅಧ್ಯಾಯದ ಸುದ್ದಿ ಇವಳು ನನಗೆ ಹೇಳಿಲ್ಲ, ಅಸದ್ ಹೇಳಿದ. ಇವಳು ನನ್ನ ಮುಂದೆ ಮುಚ್ಚಿಡ್ತಾಳೆ, ನಾ ಇವಳ ಮುಂದೆ ಮುಚ್ಚಿಡ್ತೀನಿ. ಹೆಸರು ಹಿಡಿಯಾದು ನನ್ನ ಕೈಲಿ ಆಗಲ್ಲ ತಾಯಿ. ಬ್ಯಾರೇರ ಹತ್ರ ಮಾಡಿಸ್ಕಳ್ಳಿ.

ಹರಿಹರದ ಕಡೆ ಬಂದ್ರೆ ನಿಮ್ಮ ಅಂಗಡಿಗೆ ಬರ್ತೀನಿ. ನೀನೂ ಬಾ, ಮಂಡಕ್ಕಿ ಮಾಡ್ತೀನಿ.

ಉಡಚಮ್ಮ

(ಟೈಲ್ಸ್ ಹಾಕುವವನ ವಿಷಯ ನನಗೂ ಈಗಲೇ ತಿಳಿದದ್ದು. ಬರೆಯುತ್ತಾ ಎರಡು ಸಲ ಎದ್ದು ಹೋಗಿ ಬಂದೆ. — ಸುಧಾ)


ಹರಿಹರ
೮ ಸೆಪ್ಟೆಂಬರ್ ೨೦೨೫

ಪೂಜ್ಯ ಅಮ್ಮನವರಿಗೂ ಸುಧಾಗೂ,

ಗೆದ್ದೆವು. ಅಮ್ಮ ಹೇಳಿದ್ದನ್ನು ಹೆಸರಿಲ್ಲದೆ ಪುಟಕ್ಕೆ ಹಾಕಿದೆ. ಅಷ್ಟು ದಿನ ಕಚ್ಚಾಡುತ್ತಿದ್ದ ಎರಡೂ ಗುಂಪಿನವರು ಒಂದು ದಿನ ಪೂರ್ತಿ ಸುಮ್ಮನಾದರು. ಹಾಗೆಂದೂ ಆಗಿರಲಿಲ್ಲ. ಆಮೇಲೆ ಕನ್ನಡದ ದನಿ ಬದಲಿಸಬೇಡಿ ಎಂದು ಕಂಪನಿಗೆ ಬರೆಯಲು ಶುರುಮಾಡಿದರು. ನಾನು ಇಂಗ್ಲಿಷಿನಲ್ಲಿ ನನ್ನ ಕೈಲಾದಷ್ಟು ಬೈದು ಬರೆದೆ, ಉಳಿದವರು ಸಭ್ಯವಾಗಿ ಬರೆದರು. ನಿನ್ನೆ ಕಂಪನಿಯವರು ಒಪ್ಪಿಕೊಂಡಿದ್ದಾರೆ. ಕನ್ನಡದಲ್ಲಿ ಹೆಸರಿಲ್ಲದೆಯೇ ದೀಪ ಹತ್ತುವ ಹಾಗೆ ಮಾಡುತ್ತಾರಂತೆ. ಅಮ್ಮ ಯಾವ ಹೆಸರನ್ನೂ ಹಿಡಿಯಬೇಕಿಲ್ಲ, ಅವರ ದನಿಯೂ ಎಲ್ಲಿಗೂ ಹೋಗುವುದಿಲ್ಲ.

ಈ ಕೆಳಗಿನದು ಸುಧಾಗೆ ಮಾತ್ರ. ಗೆದ್ದ ಸುದ್ದಿಯ ಕೆಳಗೆ ಯಾರೋ ಒಬ್ಬ ಹೀಗೆ ಬರೆದಿದ್ದಾನೆ: ‘ಎಲ್ಲರ ಹೆಂಡತಿಯರೂ ರೀ ಅಂತಲೇ ಕರೆಯುವಾಗ, ಬರೀ ರೀ ಅಂದರೆ ಹುಲಿಯಪ್ಪನಿಗೆ ತನ್ನನ್ನೇ ಕರೆದದ್ದು ಅಂತ ಹೇಗೆ ಗೊತ್ತಾಗಬೇಕು? ಅದಕ್ಕೇ ಬೇರೆ ಯಾರೋ ಓ ಅಂದಿರಬಹುದು.’ ಮಾಡಲು ಕೆಲಸವಿಲ್ಲದವನು. ಅಳಿಸೋಣ ಎಂದುಕೊಂಡೆ, ಯಾಕೋ ಆಗಲಿಲ್ಲ. ಅಮ್ಮನಿಗೆ ಇದನ್ನು ಓದಬೇಡಿ.

ನಿಮ್ಮಿಬ್ಬರ,
ರೂಪಶ್ರೀ


ವಿನೋಬನಗರ, ದಾವಣಗೆರೆ
೧೮ ಸೆಪ್ಟೆಂಬರ್ ೨೦೨೫

ರೂಪಶ್ರೀ,

ನೀವು ಬೇಡ ಎಂದದ್ದನ್ನು ನಾನು ಓದಲಿಲ್ಲ, ನುಂಗಿಕೊಂಡು ಮುಂದೆ ಹೋದೆ. ಅವ್ವ ಬೆಳ್ಳುಳ್ಳಿ ಬಿಡಿಸುವುದನ್ನು ನಿಲ್ಲಿಸಿ “ಅದನ್ನೂ ಓದು” ಅಂದಳು. ಓದಿದೆ.

ಅವಳು ಬೈಯಲಿಲ್ಲ. ಇನ್ನೊಮ್ಮೆ ಓದು ಅಂದಳು. ಆಮೇಲೆ ನಾಲ್ಕೈದು ದಿನ ಸಂಜೆಯ ಓದನ್ನು ಕೇಳಲಿಲ್ಲ. ನಿನ್ನೆ ನಾನು ಕೆಲಸಕ್ಕೆ ಹೊರಡುವಾಗ ಒಗೆದ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು.

“ಅಸದ್‌ಗೆ ಫೋನ್ ಮಾಡು. ಬರ್ತೀವಿ ಅನ್ನು.”

“ಅವ್ವ, ಕಂಪನಿಯೋರು ಬ್ಯಾಡ ಅಂದಾರೆ. ನೀ ಹೇಳಬೇಕಂತ ಏನಿಲ್ಲ.”

“ಕಂಪನಿ ಯಾಕ ಬಂತು ನಡುವೆ? ಪುಟದಾಗೆ ಅವನು ಕೇಳಿದ್ದು ಖರೆ ಐತೆ. ನಾ ರೀ ಅಂತ ಕರದ್ರೆ ಅವರಿಗೆ ಹೆಂಗೆ ಗೊತ್ತಾಗಬೇಕು? ಎಷ್ಟು ಜನ ಹಿಂಗೇ ಹೋಗ್ಯಾರೋ, ಎಷ್ಟು ಜನ ಹೆಂಗಸ್ರು ಕರೀತಾರೋ. ಯಾರ ರೀ ಅಂತ ತಿರುಗಿ ನೋಡ್ತಾರೆ?”

ಆಟೋದಲ್ಲಿ ಕೂತು ತನ್ನ ಫೋನು ತೆಗೆದು ಅಪ್ಪನ ಹಳೆಯ ನಂಬರಿಗೆ ಮಾಡಿದಳು. ಆ ಕಡೆಯಿಂದ ‘ಓ’ ಅಂದದ್ದು ನನಗೂ ಕೇಳಿಸಿತು. ಹಿಂದೆ ಟೈಲ್ಸ್ ಕೊಯ್ಯುವ ಮಷಿನ್ನಿನ ಸದ್ದಿತ್ತು. “ಇನ್ಮ್ಯಾಲೆ ಫೋನ್ ಬರಲ್ಲಪ್ಪ. ಚೆನ್ನಾಗಿರು” ಅಂದಳು. ಯಾಕಮ್ಮ, ಹುಷಾರಿಲ್ಲೇನು ಎಂದು ಅವನು ಕೇಳುತ್ತಿದ್ದ. ಅವ್ವ ಉತ್ತರ ಕೊಡದೆ ಇಟ್ಟಳು, ದಾರಿಯುದ್ದಕ್ಕೂ ಫೋನನ್ನು ಸೆರಗಿನಲ್ಲಿ ಹಿಡಿದುಕೊಂಡೇ ಇದ್ದಳು.

ಕೋಣೆಯಲ್ಲಿ ಅವಳು ಒಂದೇ ಷರತ್ತು ಹಾಕಿದಳು. “ನಾ ಹೆಸರು ಹಿಡಿದ ಮ್ಯಾಲೆ ಬ್ಯಾರೆ ಯಾರೂ ಓ ಅನ್ನಬಾರ್ದು ಅಸದ್. ನೀನೂ ಅನ್ನಬಾರ್ದು.” ಅಸದ್ ಆಯಿತಮ್ಮ ಎಂದ. ಕಂಪನಿಗೆ ಓ ಎನ್ನುವ ಜಾಗಕ್ಕೆ ಏನಾದರೂ ಕಳಿಸಲೇಬೇಕು, ಅಷ್ಟೇ ಉದ್ದದ ಖಾಲಿ ರೆಕಾರ್ಡಿಂಗ್ ಕಳಿಸೋಣ ಎಂದ.

ಅವಳು ಹೆಡ್‌ಫೋನ್ ಹಾಕಿಕೊಂಡಳು. ನಾನು ಕಿವಿಯಲ್ಲಿ ಏನೂ ಹೇಳಿಕೊಡಲಿಲ್ಲ. ಮೊದಲ ಸಲ ಬಾಯಿ ತೆರೆದಳು, ದನಿ ಬರಲಿಲ್ಲ. ನೀರು ಕುಡಿದಳು. ಆಮೇಲೆ ಕರೆದಳು.

“ಹುಲಿಯಪ್ಪಾ.”

ಜೋರಾಗಿ ಅಲ್ಲ. ಪಕ್ಕದ ಮನೆಯವರನ್ನು ಕರೆದ ಹಾಗೆ. ನನಗೆ ಗೊತ್ತಿರುವ ಹೆಸರೇ, ಶಾಲೆಯಿಂದ ಹಿಡಿದು ಎಲ್ಲ ಕಡೆ ನನ್ನ ಹೆಸರಿನ ಪಕ್ಕ ಬರೆದದ್ದೇ, ಆದರೆ ಅದು ಹಾಗೆ ಕೇಳಿಸುತ್ತದೆ ಎಂದು ಗೊತ್ತಿರಲಿಲ್ಲ. ಅಸದ್ ನಿಲ್ಲಿಸಲು ಕೈ ಚಾಚಿದ. ಅವ್ವ ಬೇಡ ಎಂದು ಕೈ ಎತ್ತಿದಳು. ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿ ಹಿಡಿದು ಕೇಳುತ್ತಾ ನಿಂತಳು. ಅವಳು ನಿಂತಷ್ಟು ಹೊತ್ತು ನಾವೂ ನಿಂತೆವು. ನಿಜ ಹೇಳಬೇಕೆಂದರೆ ನಾನೂ ಕಾದೆ, ಓದಿಕೊಂಡ ಅಸದ್ ಕೂಡ ಕಾದ. ಯಾರೂ ಓ ಅನ್ನಲಿಲ್ಲ.

ಅವಳು ಹೆಡ್‌ಫೋನ್ ತೆಗೆದು ಮೇಜಿನ ಮೇಲೆ ಇಟ್ಟಳು. ಅಳುತ್ತಾಳೆ ಎಂದುಕೊಂಡು ಹತ್ತಿರ ಹೋದೆ. ಅಳುತ್ತಿರಲಿಲ್ಲ.

“ಬೊಮ್ಮಣ್ಣಗೆ ಹೇಳು, ಅಮಾಸಿಗೆ ಬರ್ತೀವಿ ಅಂತ. ಬಟ್ಟೆ ನಾನೇ ತರ್ತೀನಿ.” ಸೆರಗು ಸರಿಮಾಡಿಕೊಂಡು, “ಎಷ್ಟು ಚೆಂದ ಐತಲ್ಲ ಹೆಸರು. ಇಷ್ಟು ವರ್ಷ ಒಂದ್ಸಲಾನೂ ಕರೀಲಿಲ್ಲ ನೋಡು” ಅಂದಳು.

ಅವಳು ಮೈಕಿನ ಕಡೆ ತಿರುಗಿದಳು.

“ನೀವಿಬ್ರೂ ಹೊರಗಿರ್ರಿ. ಇನ್ನೊಂದಿಷ್ಟು ಕರೀತೀನಿ. ಇದು ಆಟಕ್ಕಲ್ಲ.”

ಅಸದ್ ಮಷಿನ್ ಆರಿಸಿ ಬಾಗಿಲು ಎಳೆದುಕೊಂಡ. ಆ ಕೋಣೆಯ ಬಾಗಿಲು ಹಾಕಿದರೆ ಒಳಗಿನ ಸದ್ದು ಒಂದಿಷ್ಟೂ ಹೊರಗೆ ಬರುವುದಿಲ್ಲ. ಬಾಗಿಲಿನ ಗಾಜಿನಲ್ಲಿ ಅವ್ವನ ಬಾಯಿ ಆಡುವುದು ಮಾತ್ರ ನಮಗೆ ಕಾಣುತ್ತಿತ್ತು.

ನಿಮ್ಮ,
ಸುಧಾ